ಮಾರಕ್ಕನ ಬರೆ ಕಬ್ಬಿಣ

ತೂಬಗೆರೆ
೪ ಜೂನ್ ೨೦೨೫

ಚಿ. ಸೌ. ಅರ್ಪಿತಳಿಗೆ ನಿನ್ನ ಸೋದರಮಾವ ಅಪ್ಪಯ್ಯಣ್ಣನ ಆಶೀರ್ವಾದಗಳು.

ದೇವರಾಜ್ ಹೇಗಿದ್ದಾನೆ? ಗೋಡೌನಿನಲ್ಲಿ ಅವನ ಪಾಳಿ ಬದಲಾಯಿತೇ? ನಿಮ್ಮತ್ತೆ ಗಂಗಲಕ್ಷ್ಮಮ್ಮನವರ ಸೊಂಟ ಈಗ ಹೇಗಿದೆ? ಮಗು ಹರ್ಷಿತಳಿಗೆ ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಮೊಳೆಯಿತೇ? ಬಿಳಿಕಿವಿ ಹೇಗಿದ್ದಾಳೆ, ಅವಳ ಹೆಣ್ಣುಗರು ಹೇಗಿದೆ? ಇಲ್ಲಿ ನಿನ್ನ ಅನುಸೂಯತ್ತೆಯ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ನನ್ನ ಕಿವಿ ಪೂರ್ತಿ ಹೋಯಿತು. ಫೋನಿನಲ್ಲಿ ನೀನು ಎಷ್ಟು ಕೂಗಿದರೂ ನನಗೆ ದುಂಬಿ ಗುಂಯ್‌ಗುಟ್ಟಿದಂತೆ ಕೇಳುತ್ತದೆ. ಅದಕ್ಕೇ ಈ ಕಾಗದ.

ಕ್ಷೇಮದ ಮಾತು ಇಲ್ಲಿಗೆ ಸಾಕು. ನನಗೆ ಸಿಟ್ಟು ಬಂದಿದೆ.

ನಮ್ಮ ಬೀದಿಯ ಮುನಿತಾಯಮ್ಮ ದಾಬಸ್‌ಪೇಟೆ ಕಡೆಯ ಮದುವೆಗೆ ಬಂದವಳು ನಿಮ್ಮ ಮನೆಗೂ ಹೊಕ್ಕು ಬಂದಳಂತೆ. ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: "ಅಪ್ಪಯ್ಯಣ್ಣೋ, ನೀನು ಕೊಟ್ಟ ಹಸೂಗೆ ಭುಜದ ಮುಂದೆ ಬರೆ ಎಳ್ದವ್ರೆ. ಕೈಯಗಲ ಸುಟ್ಟವ್ರೆ." ಕೇಳಿದ್ದು ಸರಿಯೋ ತಪ್ಪೋ ಎಂದು ಮತ್ತೆ ಮತ್ತೆ ಕೂಗಿಸಿದೆ. ಸರಿಯೇ.

ಯಾರಮ್ಮ ಆ ಬುದ್ಧಿವಂತರು? ಭುಜದ ಮುಂದೆ ಬಂದ ಗಂಟು ರೋಗವಲ್ಲ, ರೋಗ ಒಳಗೆ ನುಗ್ಗಿದೆ ಎನ್ನುವ ಕೂಗು. ಅಲ್ಲಿ ಪ್ರತಿ ಹಸುವಿಗೂ ಹುಟ್ಟಿನಿಂದಲೇ ಒಂದು ಗ್ರಂಥಿ ಇರುತ್ತದೆ. ಗಟ್ಟಿಮುಟ್ಟಾದ ಹಸುವಿನಲ್ಲಿ ಎಳೆ ಬೆಂಡೆಕಾಯಿಯಂತೆ ಚರ್ಮದಡಿ ಜಾರುತ್ತದೆ. ಅದನ್ನು ಊರಬಾಗಿಲ ಕಾವಲು ಚೌಕಿ, ಉಕ್ಕಡ ಎಂದು ತಿಳಿ. ಮೈಯ ಕಾವಲಿನವರು ಅಲ್ಲಿ ಕೂತು ಒಳಬಂದ ಹುಳುಹುಪ್ಪಟೆಯನ್ನು ಹಿಡಿಯುತ್ತಾರೆ. ಕಳ್ಳರು ಹೆಚ್ಚಾದಾಗ ಕಾವಲಿನವರೂ ಹೆಚ್ಚುತ್ತಾರೆ, ಉಕ್ಕಡ ಉಬ್ಬುತ್ತದೆ. ಕಳ್ಳ ಊರೊಳಗಿದ್ದಾನೆಂದು ಯಾರಾದರೂ ಉಕ್ಕಡಕ್ಕೆ ಬೆಂಕಿ ಇಡುತ್ತಾರೆಯೇ? ನಿಮ್ಮ ಮನೆಯವರು ಇಟ್ಟಿದ್ದಾರೆ.

ಇದು ನಿಮ್ಮತ್ತೆಯ ಕಡೆಯವರ ಕಸುಬೇ ಇರಬೇಕು. ಆ ಬರೆ ಎಳೆದ ಕೈಗೆ ಹುಳ ಬೀಳಲಿ.

ನೀನು ಈಗಲೇ ಎದ್ದು ಬಿಳಿಕಿವಿಯ ಕಿವಿಯೊಳಗೆ, ಬಾಲದ ಬುಡದಲ್ಲಿ ರಕ್ತ ಹೀರುವ ಉಣ್ಣೆ ಇದೆಯೇ ನೋಡು. ಮೈ ಸುಡುತ್ತಿದ್ದರೆ ಅದು ಉಣ್ಣೆ ಕಚ್ಚಿ ಬಂದ ಜ್ವರ. ಸರ್ಕಾರಿ ಪಶುವೈದ್ಯರನ್ನು ಕರೆಸು, ತಡ ಮಾಡಬೇಡ. ಆ ಜ್ವರಕ್ಕೆಂದೇ ಸೂಜಿಮದ್ದು ಇದೆ. ಹೊತ್ತಿಗೆ ಬಿದ್ದರೆ ಹಸು ಉಳಿಯುತ್ತದೆ.

ಮರು ಟಪಾಲಿಗೆ ಬರಿ.

ಅಪ್ಪಯ್ಯಣ್ಣ


ದಾಬಸ್‌ಪೇಟೆ
೧೫ ಜೂನ್ ೨೦೨೫

ಪೂಜ್ಯ ಮಾವನವರಿಗೆ ಅರ್ಪಿತ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಎಲ್ಲರ ಹೆಸರು ಹಿಡಿದು ಕೇಳಿದ್ದೀರಿ. ಇವರು, ಅತ್ತೆ, ಮಗು, ಹಸು, ಕರು. ಒಂದು ಹೆಸರು ಬಿಟ್ಟಿದ್ದೀರಿ. ಇರಲಿ, ನಾನೂ ಚೆನ್ನಾಗಿದ್ದೇನೆ.

ಬಿಳಿಕಿವಿಯೂ ಚೆನ್ನಾಗಿದ್ದಾಳೆ. ಬರೆಯ ಹುಣ್ಣು ಒಣಗುತ್ತಾ ಬಂದಿದೆ, ಮೇವು ತಿನ್ನುತ್ತಿದ್ದಾಳೆ. ಹಾಲು ಸ್ವಲ್ಪ ಇಳಿದಿದೆ, ಅದು ಸೆಕೆಗೆ.

ಇನ್ನು ಹುಳ ಬೀಳಬೇಕಾದ ಕೈ. ಅದು ಅತ್ತೆಯದಲ್ಲ. ಈ ಕಾಗದ ಬರೆಯುತ್ತಿದೆಯಲ್ಲ, ಅದೇ ಕೈ.

ಬರೆ ಎಳೆದದ್ದು ನಾನು, ಅಮ್ಮನ ಕಬ್ಬಿಣದಲ್ಲಿ. ಹರ್ಷಿತ ಹುಟ್ಟಿದಾಗ ಅಮ್ಮ ಬದುಕಿರಲಿಲ್ಲ. ಮೊಮ್ಮಗುವಿನ ಹಾಲಿಗೆಂದು ತವರಿನಿಂದ ಬರಬೇಕಾದ ಕಡಸನ್ನು ಅಮ್ಮನ ಬದಲು ನೀವೇ ಹೊಡೆದುಕೊಂಡು ಬಂದಿರಿ. ಕೊರಳಿಗೆ ಅಮ್ಮ ಕಟ್ಟುತ್ತಿದ್ದ ಗಂಟೆ ಇತ್ತು. ಹಳೇ ಸೀರೆಯಲ್ಲಿ ಸುತ್ತಿದ ಅರ್ಧಚಂದ್ರದ ಕಬ್ಬಿಣವೂ ಇತ್ತು. ಅದನ್ನು ಸುತ್ತಿ ಕಳಿಸಿದ ಕೈ ಯಾರದು ಮಾವ? ಹಿತ್ತಾಳೆ ಚೊಂಬು ಕಳಿಸಿದ ಹಾಗೆ ಅಟ್ಟದ ಮೇಲಿಡಲಿ ಎಂದು ಕಳಿಸಿದಿರೋ?

ಮಾರಕ್ಕನ ಕೈಗುಣವೆಂದು ಸುತ್ತಲಿನ ಹಳ್ಳಿಗಳಿಂದ ಅಮ್ಮನ ಹತ್ತಿರ ದನ ಹೊಡೆದುಕೊಂಡು ಬರುತ್ತಿದ್ದರು. ನಮ್ಮ ಬೂದ ಎತ್ತಿಗೆ ಇದೇ ಜಾಗದಲ್ಲಿ ಇಂಥದ್ದೇ ಗಂಟು ಬಂದಾಗ ಅಮ್ಮ ಬರೆ ಎಳೆದಳು. ಮೂಗುದಾರ ಹಿಡಿದಿದ್ದವಳು ನಾನು. ಬೂದ ಎದ್ದು ನಿಂತು ಆ ವರ್ಷ ಹೊಲ ಉತ್ತ. "ನೋಡ್ದಾ ಮಗ, ಬೆಂಕಿ ಮುಟ್ಟಿದ್ ಜಾಗ್ದಾಗೆ ಕಾಯ್ಲೆ ನಿಲ್ಲಾಕಿಲ್ಲ" ಎಂದಳು. ನಾನೂ ಹಾಗೇ ಮಾಡಿದೆ. ಅಮ್ಮನ ನೇಮದಂತೆ, ಹುಣ್ಣು ಒಣಗುವ ತನಕ ಸೂಜಿ, ಔಷಧಿ ಏನನ್ನೂ ಮುಟ್ಟಿಸಲಿಲ್ಲ.

ನಿಮ್ಮ ಉಕ್ಕಡದ ಕಥೆ ಚೆನ್ನಾಗಿದೆ. ಆದರೆ ಶಾಪ ಹಾಕುವ ಮುಂಚೆ, ಅದು ನಿಮ್ಮ ಒಡಹುಟ್ಟಿದವಳ ಮೇಲೂ ಬೀಳುತ್ತದೆಯೇ ಎಂದು ಯೋಚಿಸಬೇಕಿತ್ತು.

ಈ ಮನೆಯಲ್ಲಿ ನನ್ನದು ಎನ್ನುವುದಕ್ಕೆ ಆ ಹಸು ಒಂದೇ ಇರುವುದು. ಅದನ್ನು ನಾನು ಕೊಲ್ಲುತ್ತೇನೆಯೇ?

ಅರ್ಪಿತ


ತೂಬಗೆರೆ
೨೧ ಜೂನ್ ೨೦೨೫

ಅರ್ಪಿತಳಿಗೆ ಆಶೀರ್ವಾದ.

ನಿನಗೇ ಬರೆಯುವ ಕಾಗದದಲ್ಲಿ ನಿನ್ನ ಹೆಸರು ಬೇರೆ ಕೇಳಬೇಕೇನಮ್ಮ? ಎದುರಿಗೆ ಕೂತವರನ್ನು ಬಂದಿದ್ದೀಯಾ ಎಂದು ಯಾರಾದರೂ ಕೇಳುತ್ತಾರೆಯೇ? ಈ ಸಣ್ಣ ವಿಷಯವನ್ನು ಬಿಡು.

ನಿನ್ನ ಕಾಗದ ಓದಿ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ನಿಮ್ಮತ್ತೆ ಮಾಡಿದ್ದರೆ ತಿಳಿಯದೆ ಮಾಡಿದರು ಎನ್ನುತ್ತಿದ್ದೆ. ನೀನು ಪಿಯುಸಿ ಓದಿದವಳು.

ಅಕ್ಕನ ವಿಷಯಕ್ಕೆ ಬರುತ್ತೇನೆ. ನೊಂದುಕೊಂಡರೂ ಓದು. ಬೂದ ಬದುಕಿದ್ದು ಅಕ್ಕನ ಕೈಗುಣದಿಂದಲ್ಲ. ಅವನು ಹಳ್ಳಿಕಾರ್ ಎತ್ತು. ನಮ್ಮ ನಾಟಿ ದನಗಳು ತಲೆತಲಾಂತರದಿಂದ ಈ ಉಣ್ಣೆಗಳ ಜೊತೆ ಬಾಳಿ ಆ ಜ್ವರವನ್ನು ತಡೆದುಕೊಳ್ಳುವುದನ್ನು ಕಲಿತಿವೆ. ಗಂಟು ಬರುತ್ತದೆ, ಹೋಗುತ್ತದೆ. ಅಕ್ಕ ಬರೆ ಎಳೆದಿದ್ದರೂ ಬೂದ ಏಳುತ್ತಿದ್ದ, ಎಳೆಯದಿದ್ದರೂ ಏಳುತ್ತಿದ್ದ. ಬಿಳಿಕಿವಿ ಸೀಮೆ ಹಸು. ಅವಳ ಅಜ್ಜಿ ಮುತ್ತಜ್ಜಿಯರಿಗೆ ಈ ಉಣ್ಣೆಯ ಮುಖ ಗೊತ್ತಿರಲಿಲ್ಲ. ಅದೇ ಗಂಟು, ಅದೇ ಜಾಗ, ಹಸು ಬೇರೆ. ಅಕ್ಕನ ಕಾಲದಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಸೀಮೆ ಹಸು ಇರಲೇ ಇಲ್ಲ. ಇದ್ದಿದ್ದರೆ ಅವಳ ಕೈಗುಣ ಅವತ್ತೇ ಬಯಲಾಗುತ್ತಿತ್ತು.

ಸೂಜಿ ಮುಟ್ಟಿಸಬಾರದೆಂಬ ಆ ನೇಮವಂತೂ ಬರೆಗಿಂತ ಕೆಟ್ಟದ್ದು. ಸುಟ್ಟ ಗಾಯ ಮಾಗಬಹುದು. ಕಳೆದ ಹೊತ್ತು ಬರುತ್ತದೆಯೇ?

ಒಳಗೆ ಏನಿದೆಯೆಂದು ಬರೆಯುತ್ತೇನೆ, ನಿಮ್ಮವರಿಗೂ ಓದಿ ಹೇಳು. ನಮ್ಮ ಕೆರೆಯ ಕೆಳಗಿನ ಗದ್ದೆ ನಿನಗೆ ನೆನಪಿದೆಯಲ್ಲ. ತೂಬಿನಿಂದ ನೀರು ಕಾಲುವೆಯಲ್ಲಿ ಬರುತ್ತದೆ, ಗದ್ದೆ ಕುಡಿಯುತ್ತದೆ, ಕುಡಿದು ಮಿಕ್ಕಿದ್ದು ನೆಲದಲ್ಲಿ ಜಿನುಗುತ್ತದೆ. ಆ ಜಿನುಗನ್ನು ಬಸಿಗಾಲುವೆ ಎಳೆದುಕೊಳ್ಳದಿದ್ದರೆ ಗದ್ದೆ ಜೌಗಾಗುತ್ತದೆ. ಮೈಯೂ ಹಾಗೆಯೇ. ರಕ್ತ ಹರಿಯುವಾಗ ಅದರ ತಿಳಿಯಲ್ಲಿ ಒಂದಿಷ್ಟು ಜಿನುಗಿ ಮಾಂಸದ ಸಂದಿಗಳನ್ನು ಸೇರುತ್ತದೆ. ಅದನ್ನು ಮತ್ತೆ ಕೂಡಿಸಿಕೊಳ್ಳಲು ಕೂದಲಿನಂಥ ಕೊಳವೆಗಳಿವೆ. ಆ ನೀರಿಗೆ ದುಗ್ಧರಸ ಎನ್ನುತ್ತಾರೆ. ಹಿಂದೆ ನಮ್ಮ ಏರಿಯ ಮೇಲೆ ಲಾರಿಗೆ ಸಿಕ್ಕಿ ಸತ್ತ ಕರುವನ್ನು ಪಶುವೈದ್ಯರು ಕೊಯ್ದಾಗ ನಾನು ಬಗ್ಗಿ ನೋಡಿದ್ದೆ. ಆಗ ತಾನೇ ತಾಯಿಯ ಹಾಲು ಕುಡಿದಿದ್ದ ಕರು. ಕರುಳಿನ ಪೊರೆಯ ಮೇಲೆಲ್ಲ ಬಿಳಿ ದಾರಗಳು, ಕಸೂತಿ ಹಾಕಿದಂತೆ. ಹಾಲಿನ ಜಿಡ್ಡು ರಕ್ತ ಸೇರಲು ಹೊರಟ ದಾರಿ ಅದು. ನಾನು ಪುಸ್ತಕ ಕೊಂಡು ಓದಲು ಶುರು ಮಾಡಿದ್ದು ಆ ಬಿಳಿ ದಾರಗಳಿಂದ.

ಆ ಕೊಳವೆಗಳೆಲ್ಲ ದಾರಿಯಲ್ಲಿ ಗ್ರಂಥಿಗಳನ್ನು ಹಾದು, ಕೊನೆಗೆ ಎದೆಯ ಮುಂಭಾಗದ ದೊಡ್ಡ ರಕ್ತನಾಳಕ್ಕೆ ಕೂಡುತ್ತವೆ. ಕಿವಿ, ಕತ್ತು, ಮುಂಗಾಲಿನ ಕಡೆಯ ಬಹುಪಾಲು ನೀರು ಭುಜದ ಮುಂದಿನ ಉಕ್ಕಡದ ಮೂಲಕವೇ ಹೋಗಬೇಕು. ಅದಕ್ಕೇ ಕಿವಿಯ ಹತ್ತಿರ ಉಣ್ಣೆ ಕಚ್ಚಿದರೆ ಅಲ್ಲಿ ಊದುತ್ತದೆ. ಕೇಡೇನೆಂದರೆ, ಈ ಜ್ವರದ ಹುಳು ಆ ಕಾವಲಿನವರ ಹೊಟ್ಟೆಯೊಳಗೇ ಹೊಕ್ಕು ಮರಿ ಹಾಕುತ್ತದೆ. ಬೆಂಕಿ ಚರ್ಮವನ್ನು ಸುಡುತ್ತದೆ, ಹುಳುವನ್ನಲ್ಲ. ಹುಳು ಅಷ್ಟು ಹೊತ್ತಿಗೆ ರಕ್ತದಲ್ಲಿ ಊರೆಲ್ಲ ಸುತ್ತಿರುತ್ತದೆ.

ಇನ್ನೊಂದು ಮಾತು. ರಕ್ತಕ್ಕೆ ಗುಂಡಿಗೆ ಇದೆ, ಈ ನೀರಿಗೆ ಇಲ್ಲ. ಕೊಳವೆ ತಾನೇ ಸ್ವಲ್ಪ ಹಿಂಡಿಕೊಳ್ಳುತ್ತದೆ, ಒಳಗಿನ ಕವಾಟಗಳು ಹಿಂದಕ್ಕೆ ಬಿಡುವುದಿಲ್ಲ, ಮಿಕ್ಕದ್ದೆಲ್ಲ ಕಾಲಿನ ನಡಿಗೆಯಿಂದ. ನಿಮ್ಮ ಕಡೆ ಗೋಮಾಳವೆಲ್ಲ ಗೋಡೌನಾಯಿತು, ದನ ಗೂಟ ಬಿಟ್ಟು ಕದಲುವುದಿಲ್ಲ. ಕಟ್ಟಿದ ಹಸುವಿನ ಕಾಲು ಬಾತುಕೊಳ್ಳದೇ ಇರುತ್ತದೆಯೇ?

ಈಗ ಅವಳ ಕಣ್ಣಿನ ರೆಪ್ಪೆ ಮಗುಚಿ ನೋಡು. ಬಿಳುಪೋ, ಹಳದಿಯೋ? ಭುಜದ ಗಂಟು ಯಾವ ಕಾಯಿಯಷ್ಟಿದೆ? ತೊಡೆಯ ಮುಂದಿನ ಮಡಿಕೆಯಲ್ಲಿ ಕೈಯಾಡಿಸಿದರೆ ಏನು ಸಿಗುತ್ತದೆ? ಕರುವನ್ನೂ ಮುಟ್ಟಿ ನೋಡು. ತಾಯಿಯ ಮೈಮೇಲಿನ ಉಣ್ಣೆ ಕರುವನ್ನು ಬಿಡುವುದಿಲ್ಲ. ಮುಟ್ಟಿದ ಮೇಲೆ ಸುಮ್ಮನಿರಬೇಡ, ಬರಿ.

ಅಪ್ಪಯ್ಯಣ್ಣ


ತೂಬಗೆರೆ
೨೦ ಜುಲೈ ೨೦೨೫

ಅರ್ಪಿತಳಿಗೆ,

ನಿನ್ನಿಂದ ಕಾಗದವಿಲ್ಲ. ನಿನ್ನೆ ಟೆಂಪೋ ಓಡಿಸುವ ನಮ್ಮ ಬೀರೇಶ ಬಂದು ಗೋಣಿಚೀಲದ ತುಂಡಿನಲ್ಲಿ ಸುತ್ತಿದ ಒಂದು ಗಂಟನ್ನು ಜಗಲಿಯ ಮೇಲಿಟ್ಟ. ಬಿಚ್ಚಿದರೆ ಅಕ್ಕನ ಕಬ್ಬಿಣ. ಚೀಲ ಒದರಿ ನೋಡಿದೆ. ಒಂದು ಚೀಟಿ ಕೂಡ ಇಲ್ಲ.

"ಏನಂದ್ಲೋ?" ಎಂದು ಕೇಳಿದೆ. "ಏನೂ ಅನ್ಲಿಲ್ಲ ಕಣಣ್ಣೋ, ಮಾವನ ಕೈಗೆ ಕೊಡು ಅಂದ್ಲು ಅಷ್ಟೆ" ಎಂದು ಕೈಸನ್ನೆ ಮಾಡಿ ಹೇಳಿದ. ಹಸು ಕಂಡಿತೇ ಎಂದು ಕೇಳಿದೆ. ನಾನು ಒಳಗೆ ಹೋಗಲಿಲ್ಲ ಎಂದ, ಆ ಕತ್ತೆ. ಅಷ್ಟು ದೂರ ಹೋದವನಿಗೆ ಕೊಟ್ಟಿಗೆಗೆ ಇಣುಕಲು ಆಗಲಿಲ್ಲ.

ಇದರ ಅರ್ಥವೇನು? ತವರಿನ ವಸ್ತು ತವರಿಗೆ, ನಿಮಗೂ ನಮಗೂ ಮುಗಿಯಿತು ಎಂದೇ? ನಿನ್ನಮ್ಮನ ಬಗ್ಗೆ ನಿಜ ಹೇಳಿದ್ದಕ್ಕೆ ಇಷ್ಟು ದೊಡ್ಡ ಸಿಟ್ಟೇ? ಹಾಗಿದ್ದರೆ ಬೈದು ಬರಿ. ನನಗೆ ಬೈಗುಳ ಓದಲು ಬರುತ್ತದೆ. ಕಬ್ಬಿಣ ಓದಲು ಬರುವುದಿಲ್ಲ.

ನನ್ನ ಮಂಡಿ ಬಸ್ಸು ಹತ್ತಲು ಬಿಡುವುದಿಲ್ಲ, ಇಲ್ಲದಿದ್ದರೆ ಬಂದೇ ಕೇಳುತ್ತಿದ್ದೆ. ನಿನ್ನ ಅನುಸೂಯತ್ತೆ ಊಟ ಮಾಡುವಾಗಲೆಲ್ಲ ನನ್ನ ಮುಖ ನೋಡುತ್ತಾಳೆ. ಹಸು ಇದೆಯೋ ಇಲ್ಲವೋ, ಒಂದೇ ಒಂದು ಸಾಲು ಹಾಕು.

ಅಪ್ಪಯ್ಯಣ್ಣ


ದಾಬಸ್‌ಪೇಟೆ
೨ ಆಗಸ್ಟ್ ೨೦೨೫

ಮಾವನವರಿಗೆ,

ಹಸು ಇಲ್ಲ.

ನಿಮ್ಮ ಮೊದಲನೇ ಕಾಗದ ಕೈಗೆ ಬಂದಾಗಲೇ ಬಿಳಿಕಿವಿ ಮಲಗಿಬಿಟ್ಟಿದ್ದಳು. ಅದನ್ನು ಓದಿ, ನೇಮ ಮುರಿದು ಡಾಕ್ಟರನ್ನು ಕರೆಸಿದೆ. ಅವರು ರೆಪ್ಪೆ ಮಗುಚಿ ನೋಡಿದರು. ಬಿಳುಚಿಕೊಂಡು ಹಳದಿ ತಿರುಗಿತ್ತು. "ಜ್ವರ ಬಂದ ದಿನಾನೇ ಕರೀಬಾರ್ದಿತ್ತೇನಮ್ಮ" ಎಂದರು, ಸೂಜಿ ಹಾಕಿದರು. ಅವಳು ಏಳಲಿಲ್ಲ. ಜೂನ್ ಹದಿಮೂರಕ್ಕೆ ಹೋದಳು. ನಾನು ನಿಮಗೆ ಚೆನ್ನಾಗಿದ್ದಾಳೆ ಎಂದು ಬರೆದಾಗ ಹಿತ್ತಿಲಿನ ಗುಂಡಿಯ ಮಣ್ಣು ಇನ್ನೂ ಹಸಿ ಇತ್ತು.

ಯಾಕೆ ಸುಳ್ಳು ಬರೆದೆ ಎಂದು ಕೇಳುತ್ತೀರಿ. ನಿಮ್ಮ ಕಾಗದದಲ್ಲಿ ಹಸುವಿನ ಹೆಸರಿತ್ತು, ನನ್ನದಿರಲಿಲ್ಲ. ಹಸು ಸತ್ತಿತೆಂದು ಬರೆದರೆ ಈ ಮನೆಗೆ ನಿಮ್ಮ ಕಾಗದ ಬರುವುದೂ ನಿಲ್ಲುತ್ತದೆ ಎನ್ನಿಸಿತು. ಸಿಟ್ಟೂ ಇತ್ತು. ಹುಳ ಬೀಳಲಿ ಎಂದವರಿಗೆ, ಬಿತ್ತು ನೋಡಿ ಎಂದು ನಾನೇ ಯಾಕೆ ಹೇಳಬೇಕು?

ಎರಡನೇ ಕಾಗದವನ್ನು ಕೊಟ್ಟಿಗೆಯಲ್ಲಿ ಕೂತು ಓದಿದೆ. ಕೈಗುಣ ಅಲ್ಲ ಎಂಬ ಕಡೆ ಬಂದಾಗ ಹರಿದು ಹಾಕೋಣ ಎನ್ನಿಸಿತು. ಅಮ್ಮನದು ಎಂದು ನನ್ನಲ್ಲಿದ್ದದ್ದು ಆ ನಂಬಿಕೆಯೊಂದೇ. ಹರಿಯಲಿಲ್ಲ. ಕರುವನ್ನೂ ಮುಟ್ಟಿ ನೋಡು ಎಂಬ ಸಾಲಿಗೆ ಬಂದು, ಕೂತಲ್ಲಿಂದಲೇ ಕರುವಿನ ಕತ್ತಿನ ಬುಡಕ್ಕೆ ಕೈ ಹಾಕಿದೆ. ಎಡಗಡೆ ನಿಂಬೆಕಾಯಿಯಷ್ಟು ಸಿಕ್ಕಿತು. ಬಲಗಡೆ ಏನೂ ಸಿಗಲಿಲ್ಲ. ಕಿವಿ ಮಗುಚಿದರೆ ಉಣ್ಣೆಗಳು ಹುಣಸೆ ಬೀಜದ ಹಾಗೆ ಸಾಲಾಗಿ ಅಂಟಿದ್ದವು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಅದ್ಕೂ ಬಂತಾ? ಇನ್ನೂ ಎಳೇ ಗಂಟು, ಈಗ್ಲೇ ಕಾಯಿಸ್ಬಿಡು ಕಬ್ಬಿಣ. ತಾಯಿಗೆ ನೀನು ತಡ ಮಾಡ್ದೆ, ಅದ್ಕೇ ನಿಲ್ಲಲಿಲ್ಲ" ಎಂದರು.

"ಬರೆ ತಡ ಆಗಿದ್ದಕ್ಕಲ್ಲ ಅತ್ತೆ. ಬರೆ ಎಳೆದು ಸುಮ್ನೆ ಕಾದ್ವಲ್ಲ, ಅದ್ಕೆ ಸತ್ತಿದ್ದು."

"ಯಾರು ಹೇಳಿದ್ರು? ನಿಮ್ಮ ಮಾವನಾ? ಕಿವಿ ಕೇಳ್ಸಲ್ಲ ಅಂತ ಕಾಗದ್ದಾಗೇ ಡಾಕ್ಟ್ರಾಗವ್ನೆ. ನಿಮ್ಮಮ್ಮನ ಕೈಗುಣ ನಾಡಿಗೇ ಗೊತ್ತು, ಒಡಹುಟ್ಟಿದೋನಿಗೆ ಗೊತ್ತಿಲ್ಲ."

ನಿಮಗಾಗಿ ನಾನು ಜಗಳ ಆಡಲಿಲ್ಲ ಮಾವ. ಅವರು ಬೈದಿದ್ದು ನಿಮ್ಮನ್ನು, ಹೊಗಳಿದ್ದು ಅಮ್ಮನನ್ನು. ಒಳಗೊಳಗೆ ಖುಷಿಯಾಯಿತು. ಅತ್ತೆ ಆಗಲೇ ಒಲೆಗೆ ಸೌದೆ ತುಂಬಿದ್ದರು. ನನ್ನ ಕಾಲು ಅಟ್ಟದ ಕಡೆ ಹೋಗುತ್ತಿತ್ತು. ನಿಜ ಹೇಳುತ್ತೇನೆ, ಕಬ್ಬಿಣ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಬೀರೇಶನ ಟೆಂಪೋ ಹಾರನ್ ಆಯಿತು. ಓಡಿ ಹೋಗಿ, ಗೋಣಿಚೀಲ ಸುತ್ತಿ, ಅವನ ಸೀಟಿನ ಮೇಲೆ ಎಸೆದೆ. ಮಾವನ ಕೈಗೆ ಕೊಡು ಎಂದೆ. ಆ ವಸ್ತು ಮನೆಯಲ್ಲಿದ್ದರೆ ನನ್ನ ಕೈ ಅದನ್ನು ಕಾಯಿಸುತ್ತದೆ ಎಂದು ಗೊತ್ತಿತ್ತು. ಚೀಟಿ ಬರೆಯುವಷ್ಟು ಹೊತ್ತು ಕೂಡ ಅದನ್ನು ಇಟ್ಟುಕೊಳ್ಳುವ ಧೈರ್ಯ ಇರಲಿಲ್ಲ. ಬೀರೇಶ ಅಲ್ಲಿ ಇಲ್ಲಿ ಲೋಡು ಹೊತ್ತು ನಿಮಗೆ ತಲುಪಿಸಿದ್ದು ಎಷ್ಟು ತಡವಾಗಿಯೋ.

ಅವತ್ತೇ ಡಾಕ್ಟರ್ ಬಂದು ಸೂಜಿ ಹಾಕಿದರು. ಇವರು ಕೆಲಸಕ್ಕೆ ರಜೆ ಹಾಕಿ ಉಣ್ಣೆಗೆ ಕೊಟ್ಟಿಗೆಯ ಗೋಡೆ ಬಿರುಕನ್ನೆಲ್ಲ ಔಷಧಿಯಲ್ಲಿ ತೊಳೆದರು. ಕರುವಿನ ಜ್ವರ ಬಿಟ್ಟಿದೆ, ಹುಲ್ಲು ಕಚ್ಚುತ್ತಿದೆ. ಆದರೂ ದಿನವೂ ಹೆದರಿಕೆ. ಕರು ಉಳಿಯುತ್ತದೆಂದು ಗಟ್ಟಿಯಾಗುವ ತನಕ ಬರೆಯಬಾರದೆಂದೇ ಇಷ್ಟು ದಿನ ಸುಮ್ಮನಿದ್ದೆ.

ಕೊನೆಗೆ ನನ್ನದೂ ಒಂದು ಸಿಟ್ಟಿದೆ. ಉಕ್ಕಡ, ಬಸಿಗಾಲುವೆ, ನಾಟಿ ದನ, ಸೀಮೆ ಹಸು, ಇಷ್ಟೆಲ್ಲ ನಿಮಗೆ ಗೊತ್ತಿತ್ತು. ಹಸು ಕೊಟ್ಟ ದಿನ ಇದರಲ್ಲಿ ಒಂದು ಸಾಲನ್ನಾದರೂ ಹೇಳಬಹುದಿತ್ತು. ಕಬ್ಬಿಣ ಕಟ್ಟಿ ಕಳಿಸಿದಿರಿ, ಬುದ್ಧಿಯನ್ನು ನಿಮ್ಮ ಪುಸ್ತಕದಲ್ಲೇ ಇಟ್ಟುಕೊಂಡಿರಿ. ಹಸು ಸತ್ತ ಮೇಲೆ ಪಾಠ ಬಂತು. ಇದನ್ನು ನಾನು ಮರೆಯುವುದಿಲ್ಲ.

ಅರ್ಪಿತ


ತೂಬಗೆರೆ
೯ ಆಗಸ್ಟ್ ೨೦೨೫

ಅರ್ಪಿತಾ,

ನೀನು ಹೇಗಿದ್ದೀಯ? ಊಟ ಸೇರುತ್ತಿದೆಯೇ? ರಟ್ಟೆಗೆ ನೋವಿಲ್ಲ ತಾನೇ? ಸೌದೆ, ನೀರು, ಸಗಣಿ ಎಲ್ಲ ನೀನೊಬ್ಬಳೇ ಹೊರುತ್ತೀಯಾ, ಅಥವಾ ದೇವರಾಜ್ ಕೈ ಹಾಕುತ್ತಾನೆಯೇ? ನಿನ್ನ ವಿಷಯ ಮೊದಲು ಬರಿ, ಮಿಕ್ಕವರದು ಆಮೇಲೆ.

ಬಿಳಿಕಿವಿ ಹೋದ ಸುದ್ದಿಯನ್ನು ನಿನ್ನ ಅನುಸೂಯತ್ತೆಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ನಮ್ಮ ಹಸುಗಳ ಹತ್ತಿರ ನಿಂತಳು. ನನಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ. ಸತ್ತ ಹಸು ಮೇವು ತಿನ್ನುತ್ತಿದೆ ಎಂದು ಬರೆದವಳನ್ನು ಬೈಯದೆ ಬಿಡಲಾರೆ. ಈ ಮನೆಯ ಕಾಗದ ಹಸುವಿಗೆ ಬರುತ್ತದೆ ಎಂದುಕೊಂಡೆಯಲ್ಲ, ಅದಕ್ಕೆ ಇನ್ನೊಂದು ಸಲ ಬೈಯಬೇಕು. ನೀನು ನನ್ನ ಮೇಲೆ ಮಾಡಿಕೊಂಡ ಸಿಟ್ಟು ನ್ಯಾಯದ್ದು. ಅದನ್ನು ಇಟ್ಟುಕೋ, ತಣ್ಣಗಾಗಲು ಬಿಡಬೇಡ.

ಅಕ್ಕನ ವಿಷಯದಲ್ಲಿ ಒಂದು ತಿದ್ದುಪಡಿ ಇದೆ. ಕಬ್ಬಿಣ ಮುಂದಿಟ್ಟುಕೊಂಡು ಕೂತಾಗ ಹೊಳೆಯಿತು. ಅಕ್ಕ ಯಾವತ್ತಾದರೂ ನೇರ ಬೆಂಕಿಗೆ ಹೋದಳೇ, ನೆನಪು ಮಾಡಿಕೋ. ದನ ಬಂದ ಕೂಡಲೇ ಕಣ್ಣು ಮುಚ್ಚಿ, ದವಡೆಯ ಕೆಳಗಿನಿಂದ ಶುರು ಮಾಡುತ್ತಿದ್ದಳು. ಆಮೇಲೆ ಭುಜದ ಮುಂದೆ, ಆಮೇಲೆ ತೊಡೆಯ ಮಡಿಕೆ, ಕೊನೆಗೆ ಕೆಚ್ಚಲಿನ ಹಿಂದೆ. ಎಡಗಡೆ ಒಂದು ಕೈ, ಬಲಗಡೆ ಒಂದು ಕೈ, ಎರಡನ್ನೂ ತೂಗಿ ನೋಡುವಂತೆ. ಪುಸ್ತಕದಲ್ಲಿ ಗ್ರಂಥಿಗಳನ್ನು ಬರೆದಿರುವುದು ಅದೇ ಜಾಗಗಳಲ್ಲಿ. ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಹೊರಗೆ ಕಾಣದ ಗಂಟು ಅವಳ ಬೆರಳಿಗೆ ಸಿಗುತ್ತಿತ್ತು. ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕರೆದಿದ್ದರೆ ಅವಳನ್ನು ಮೀರಿಸುವವರು ಇರುತ್ತಿರಲಿಲ್ಲ. ಆಗ ಕರೆದರೆ ಬರುವ ವೈದ್ಯರೂ ಇರಲಿಲ್ಲ, ಅದೂ ನಿಜ. ಕಬ್ಬಿಣ ತಪ್ಪು. ಕೈ ತಪ್ಪಲ್ಲ. ಕೈಗುಣ ಇಲ್ಲವೆಂದು ಬರೆದದ್ದನ್ನು ಹೊಡೆದು ಹಾಕು.

ನೀನು ಕಾಗದ ಓದುತ್ತಾ, ನೋಡದೆಯೇ ಕರುವಿನ ಎಡಗಡೆ ನಿಂಬೆಕಾಯಿ, ಬಲಗಡೆ ಏನೂ ಇಲ್ಲ ಎಂದೆಯಲ್ಲ. ಅದನ್ನು ನಿನಗೆ ನಾನು ಕಲಿಸಲಿಲ್ಲ. ನಿಮ್ಮತ್ತೆಗೆ ಹೇಳು, ಕಾಗದದ ಡಾಕ್ಟರು ಇಷ್ಟನ್ನು ಒಪ್ಪಿಕೊಂಡಿದ್ದಾನೆಂದು.

ಕಬ್ಬಿಣ ಇಲ್ಲೇ ಇರುತ್ತದೆ. ಈಗಲೂ ಬರೆಗೆಂದು ದನ ಹೊಡೆದುಕೊಂಡು ಬರುವವರಿದ್ದಾರೆ. ಅವರನ್ನು ಬೈದು ಆಸ್ಪತ್ರೆಗೆ ಅಟ್ಟುವುದು ನನ್ನ ಕೆಲಸ. ಕಿವುಡನಾದ್ದರಿಂದ ಅವರು ತಿರುಗಿ ಬೈದದ್ದು ನನಗೆ ಕೇಳುವುದಿಲ್ಲ.

ಕರುವನ್ನು ಗೂಟಕ್ಕೆ ಕಟ್ಟಿ ಬೆಳೆಸಬೇಡ. ಬೆಳಗ್ಗೆ ಹಗ್ಗ ಹಿಡಿದು ಗೋಡೌನಿನ ಕಾಂಪೌಂಡು ಸುತ್ತಿಸು. ಆ ವಾಚ್‌ಮನ್ ಅಡ್ಡ ಬಂದರೆ, ಇದು ನಮ್ಮ ದನ ಮೇಯುತ್ತಿದ್ದ ಜಾಗವೆಂದು ಹೇಳು. ಅದು ನಡೆಯಲಿ, ಜೊತೆಯಲ್ಲಿ ನೀನೂ ನಡಿ. ಅದಕ್ಕೆ ನಿನ್ನಮ್ಮನ ಗಂಟೆ ಕಟ್ಟಿದೆಯೋ ಇಲ್ಲವೋ, ನೀನು ಬರೆದಿಲ್ಲ. ಕಟ್ಟು.

ಈ ಕಾಗದ ಮುಟ್ಟಿದ ದಿನವೇ ಕಣ್ಣು ಮುಚ್ಚಿಕೊಂಡು ಎರಡೂ ಕೈ ಹಾಕಿ ನೋಡು. ಎಡಗಡೆಯದು ಈಗ ಯಾವ ಕಾಯಿಯಷ್ಟಿದೆ? ಕೈ ತೊಳೆದುಕೊಳ್ಳುವ ಮುಂಚೆ ಬರೆದರೂ ಸರಿ, ಕಾಗದಕ್ಕೆ ಸಗಣಿ ಮೆತ್ತಿದರೂ ಸರಿ, ಬೇಗ ಬರಿ.

ಅಪ್ಪಯ್ಯಣ್ಣ